ಬೀದಿ ಮುಚ್ಚುವ ಮುನ್ನ ಬೀದಿಯವರನ್ನು ಕೇಳಿರಿ

ಜೆರಿಕೋ ಪಟ್ಟಣದ ದಾರಿಬದಿಯಲ್ಲಿ ಕುಳಿತು ಭಿಕ್ಷೆ ಬೇಡುತ್ತಿದ್ದ ಕುರುಡ ಬಾರ್ತಿಮಾಯನ ವೃತ್ತಾಂತವನ್ನು ಸಂತ ಮಾರ್ಕರ ಶುಭಸಂದೇಶದ 10ನೇ ಅಧ್ಯಾಯದಲ್ಲಿ ನಾವು ಓದುತ್ತೇವೆ. ಅವನು ಕೂಗಿಕೊಂಡಾಗ ದಾರಿಯಲ್ಲಿ ಸಾಗುತ್ತಿದ್ದ ಜನರು ಅವನನ್ನು ಗದರಿಸಿ ಸುಮ್ಮನಿರಿಸಲು ನೋಡಿದರು. ಯೇಸುಸ್ವಾಮಿಯಾದರೋ ನಿಂತರು, ಅವನನ್ನು ಕರೆಸಿದರು, ತಾನು ಅವನಿಗಾಗಿ ಏನು ಮಾಡಬೇಕೆಂದು ಅವನನ್ನೇ ಕೇಳಿದರು. ಕುರುಡನಿಗೆ ಬೇಕಾದುದು ದೃಷ್ಟಿ ಎಂಬುದು ಯಾರಿಗೆ ತಾನೇ ತಿಳಿಯದು? ಆದರೂ ಸ್ವಾಮಿ ಕೇಳಿದರು. ಒಬ್ಬನ ಹಿತಕ್ಕಾಗಿ ಮಾಡುವ ಕೆಲಸವನ್ನು ಸಹ ಅವನನ್ನು ಕೇಳಿಯೇ ಮಾಡಬೇಕು; ಅದು ದೇವರ ರೂಪದಲ್ಲಿ ಸೃಷ್ಟಿಯಾದ ಮನುಷ್ಯನಿಗೆ ಸಲ್ಲಬೇಕಾದ ಗೌರವ.

ಪ್ರಿಯ ಓದುಗರೇ, ಈ ಮಾತನ್ನು ನಮ್ಮ ಪೇಟೆಗಳ ರಸ್ತೆಗೆ ಅನ್ವಯಿಸಿ ನೋಡಬೇಕಾದ ಕಾಲ ಬಂದಿದೆ. ವಾಹನಗಳ ಹೊಗೆಯನ್ನು ತಗ್ಗಿಸಲು ಕೆಲವು ಬೀದಿಗಳಲ್ಲಿ ಸಂಚಾರವನ್ನು ನಿರ್ಬಂಧಿಸುವ ಕ್ರಮ ಜಗತ್ತಿನ ಅನೇಕ ನಗರಗಳಲ್ಲಿ ಜಾರಿಗೆ ಬಂದಿದೆ. ನಮ್ಮ ರಾಜ್ಯದಲ್ಲೂ ಅದರ ಪ್ರಯೋಗ ನಡೆದಿದೆ. ಇಂದು ರಾಜಧಾನಿಯಲ್ಲಿ ನಡೆದದ್ದು ನಾಳೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಿಗೆ ಬರುವುದು ಹೊಸತೇನಲ್ಲ. ಹೊಗೆ ಕಡಿಮೆಯಾಗಬೇಕು ಎಂಬುದರಲ್ಲಿ ನನಗೆ ಯಾವ ಭಿನ್ನಾಭಿಪ್ರಾಯವೂ ಇಲ್ಲ. ನನ್ನ ತಕರಾರು ಬೇರೆಯೇ. ಬೀದಿಯನ್ನು ಮುಚ್ಚುವವರು ಯಾರನ್ನು ಕೇಳಿ ಮುಚ್ಚುತ್ತಾರೆ? ಕೇಳುವುದಾದರೆ ಯಾವಾಗ ಕೇಳುತ್ತಾರೆ? ಕೇಳಿದಾಗ ಅಲ್ಲಿ ಮಾತನಾಡುವವರು ಯಾರು, ಮೌನವಾಗಿ ಉಳಿಯುವವರು ಯಾರು?

ಮೊದಲು ಬೆಂಗಳೂರಿನ ಉದಾಹರಣೆಯನ್ನೇ ನೋಡೋಣ. ಬ್ರಿಗೇಡ್ ರಸ್ತೆಗೂ ಸೇಂಟ್ ಮಾರ್ಕ್ಸ್ ರಸ್ತೆಗೂ ನಡುವೆ ಚರ್ಚ್ ಸ್ಟ್ರೀಟ್ ಎಂಬ ಬೀದಿಯಿದೆ. ಅದನ್ನು ಕಲ್ಲುಹಾಸಿನಿಂದ ನವೀಕರಿಸಿ 2018ರಲ್ಲಿ ಸಂಚಾರಕ್ಕೆ ತೆರೆಯಲಾಯಿತು. 2020ರ ನವೆಂಬರ್‌ನಲ್ಲಿ ನಗರ ಭೂ ಸಾರಿಗೆ ನಿರ್ದೇಶನಾಲಯವು ಅದನ್ನು ಶುದ್ಧ ಗಾಳಿಯ ಬೀದಿಯನ್ನಾಗಿಸುವ ಪ್ರಯೋಗಕ್ಕೆ ಕೈಹಾಕಿತು. ಶನಿವಾರ ಮತ್ತು ಭಾನುವಾರಗಳಂದು ಅಲ್ಲಿ ಮೋಟಾರು ವಾಹನಗಳಿಗೆ ಪ್ರವೇಶವಿರಲಿಲ್ಲ. ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ಅದನ್ನು ಉದ್ಘಾಟಿಸಿದರು. ಕೆಲವು ತಿಂಗಳ ಕಾಲ ನಡೆದ ಈ ಪ್ರಯೋಗವನ್ನು ಭಾರತೀಯ ವಿಜ್ಞಾನ ಸಂಸ್ಥೆಯವರು ಅಧ್ಯಯನ ಮಾಡಿದರು. ವಾಹನವಿಲ್ಲದ ದಿನಗಳಲ್ಲಿ ಗಾಳಿ ಸುಧಾರಿಸಿತ್ತು, ನಡೆದು ಬರುವವರ ಸಂಖ್ಯೆ ಏರಿತ್ತು. ಜನರು ಮಕ್ಕಳ ಕೈಹಿಡಿದು ಬೀದಿಯ ನಡುವೆ ನಡೆದರು. ಆದರೆ ಇನ್ನೊಂದು ಕಡೆ, ಕಾರಿನಲ್ಲಿ ಬರುವ ಗಿರಾಕಿಗಳು ತಪ್ಪಿಹೋಗುತ್ತಾರೆ ಎಂದು ಕೆಲವು ವರ್ತಕರು ಆಕ್ಷೇಪಿಸಿದರು.

ಈ ಪ್ರಯೋಗದಲ್ಲಿ ಮೆಚ್ಚತಕ್ಕ ಅಂಶಗಳಿವೆ. ಅದನ್ನು ಪ್ರಯೋಗವೆಂದೇ ಕರೆದರು, ಅವಧಿಯನ್ನು ಗೊತ್ತುಮಾಡಿದರು, ಫಲವನ್ನು ಅಳೆದರು, ಜನರ ಅಭಿಪ್ರಾಯವನ್ನೂ ಸಂಗ್ರಹಿಸಿದರು. ಆದರೆ ಇಂತಹ ಎಲ್ಲ ಪ್ರಯೋಗಗಳಿಗೂ ಅನ್ವಯಿಸುವ ಒಂದು ಎಚ್ಚರಿಕೆಯ ಮಾತಿದೆ. ಬೀದಿಯಲ್ಲಿ ನಿಂತು ಸಮೀಕ್ಷೆ ನಡೆಸಿದರೆ ಬೀದಿಗೆ ಬಂದವರ ಮಾತು ಮಾತ್ರ ಸಿಗುತ್ತದೆ. ಬರಲಾಗದೆ ಹೋದವರ ಮಾತು ಯಾವ ಕಾಗದದಲ್ಲೂ ದಾಖಲಾಗುವುದಿಲ್ಲ. ವಿಹಾರಕ್ಕೆ ಬಂದವನಿಗೆ ಬೀದಿ ಚೆನ್ನಾಗಿಯೇ ಕಾಣುತ್ತದೆ. ದಿನಗೂಲಿಗೆ ಬರುವವನ ದಾರಿ ಎಷ್ಟು ಉದ್ದವಾಯಿತು ಎಂಬುದನ್ನು ಅವನನ್ನೇ ಹುಡುಕಿ ಕೇಳಬೇಕು.

ಈಗ ನಮ್ಮ ಊರುಗಳಿಗೆ ಬರೋಣ. "ಹೊಗೆಯ ಸಮಸ್ಯೆ ಬೆಂಗಳೂರಿನದು, ನಮ್ಮ ಹಸಿರು ತುಳುನಾಡಿಗೆ ಅದೇಕೆ?" ಎಂದು ಕೆಲವರು ಕೇಳಬಹುದು. ಬಿ.ಸಿ. ರೋಡಿನಲ್ಲಿ ಮಂಗಳೂರು–ಬೆಂಗಳೂರು ಹೆದ್ದಾರಿಯಿಂದ ಬೆಳ್ತಂಗಡಿ–ಚಾರ್ಮಾಡಿಯ ಹೆದ್ದಾರಿ ಕವಲೊಡೆಯುತ್ತದೆ. ಅಲ್ಲಿ ಸಂಜೆಯ ಹೊತ್ತು ಬಸ್ಸಿಗಾಗಿ ಕಾಯುವ ಶಾಲಾ ಮಕ್ಕಳನ್ನು ನೋಡಿರಿ. ಲಾರಿ, ಬಸ್ಸುಗಳ ಹೊಗೆಕೊಳವೆಗೆ ದೊಡ್ಡವರ ಮುಖಕ್ಕಿಂತ ಆ ಮಕ್ಕಳ ಮುಖವೇ ಹೆಚ್ಚು ಸಮೀಪ. 2019ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಕರ್ನಾಟಕದಿಂದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ–ಧಾರವಾಡ ಮತ್ತು ಕಲಬುರಗಿ ಸೇರಿದವು. ಪಟ್ಟಿಯಲ್ಲಿಲ್ಲದ ಊರಿನ ಮಕ್ಕಳ ಶ್ವಾಸಕೋಶ ಬೇರೆ ಬಗೆಯದೇನಲ್ಲ. ಗಾಳಿಯಲ್ಲಿ ತೇಲುವ ಅತಿ ಸೂಕ್ಷ್ಮ ಕಣಗಳ ವಾರ್ಷಿಕ ಸರಾಸರಿ ಘನ ಮೀಟರಿಗೆ 40 ಮೈಕ್ರೋಗ್ರಾಮನ್ನು ಮೀರಬಾರದೆಂದು ನಮ್ಮ ದೇಶ 2009ರಲ್ಲಿ ಮಿತಿ ನಿಗದಿಪಡಿಸಿತು. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸೂಚಿಸಿದ ಮಿತಿ ಕೇವಲ 5. ಆದ್ದರಿಂದ ಬಂಟ್ವಾಳ ಪೇಟೆಯ ಇಕ್ಕಟ್ಟಾದ ಬೀದಿಯಾಗಲಿ, ಬೆಳ್ತಂಗಡಿಯ ಮುಖ್ಯ ರಸ್ತೆಯಾಗಲಿ, ಮೂಡುಬಿದಿರೆಯ ಬಸದಿಗಳ ಸುತ್ತಲಿನ ಹಳೆಯ ಬೀದಿಗಳಾಗಲಿ ಹೊಗೆಯಿಂದ ಬಿಡುಗಡೆ ಬಯಸುವುದರಲ್ಲಿ ತಪ್ಪಿಲ್ಲ.

ಆದರೆ ಈ ಬಿಡುಗಡೆಯ ಬೆಲೆಯನ್ನು ತೆರುವವರು ಯಾರು? ಮನೆಯಲ್ಲಿ ಬೀಡಿ ಕಟ್ಟಿ, ಅದನ್ನು ಬುಟ್ಟಿಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಪೇಟೆಗೆ ತರುವ ತಾಯಿ. ಹಳೆಯ ಗೂಡ್ಸ್ ರಿಕ್ಷಾವನ್ನು ಸಾಲದಲ್ಲಿ ಕೊಂಡು ಓಡಿಸುವ ಯುವಕ. ಎರಡು ಮೂಟೆ ಅಡಿಕೆಯನ್ನು ಜೀಪಿನಲ್ಲಿ ಹೇರಿಕೊಂಡು ಅಂಗಡಿಗೆ ಬರುವ ಸಣ್ಣ ಕೃಷಿಕ. ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸು. ಡಾಕ್ಟರರ ಬಳಿಗೆ ಮುದಿ ತಂದೆಯನ್ನು ರಿಕ್ಷಾದಲ್ಲಿ ಕರೆತರುವ ಮಗಳು. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಭಾರತ್ ಸ್ಟೇಜ್ 6 ಎಂಬ ಕಟ್ಟುನಿಟ್ಟಿನ ಹೊಗೆ ಮಾನದಂಡ ಜಾರಿಗೆ ಬಂದಿತು. ಕಡಿಮೆ ಹೊಗೆಯ ವಾಹನಕ್ಕೆ ಮಾತ್ರ ಪ್ರವೇಶ ಎಂದು ನಾಳೆ ಒಂದು ಬೀದಿಯಲ್ಲಿ ಫಲಕ ಹಾಕಿದರೆ, ಹೊಸ ಕಾರುಳ್ಳವನು ಒಳಗೆ ಹೋಗುತ್ತಾನೆ, ಹಳೆಯ ರಿಕ್ಷಾದವನು ಹೊರಗೆ ನಿಲ್ಲುತ್ತಾನೆ. ಹೊಗೆಯ ಲೆಕ್ಕದಲ್ಲಿ ಅದು ಸರಿಯಾಗಿ ಕಾಣಬಹುದು. ನ್ಯಾಯದ ಲೆಕ್ಕದಲ್ಲಿ ಸರಿಯಾಗಬೇಕಾದರೆ ಆ ರಿಕ್ಷಾದವನ ಮಾತನ್ನು ಮೊದಲೇ ಕೇಳಿರಬೇಕು, ಅವನಿಗೊಂದು ದಾರಿ ತೋರಿಸಿರಬೇಕು.

ನಮ್ಮ ಕಾನೂನು ಈ ವಿಷಯದಲ್ಲಿ ಏನು ಹೇಳುತ್ತದೆ? 1988ರ ಮೋಟಾರು ವಾಹನಗಳ ಅಧಿನಿಯಮದ 115ನೇ ಕಲಮಿನಂತೆ, ಸಾರ್ವಜನಿಕ ಸುರಕ್ಷತೆ ಅಥವಾ ಅನುಕೂಲತೆಗಾಗಿ, ಇಲ್ಲವೇ ರಸ್ತೆ ಅಥವಾ ಸೇತುವೆಯ ಸ್ವರೂಪದ ಕಾರಣದಿಂದ, ರಾಜ್ಯ ಸರ್ಕಾರ ಅಥವಾ ಅದು ಅಧಿಕಾರ ನೀಡಿದ ಪ್ರಾಧಿಕಾರವು ವಾಹನ ಸಂಚಾರವನ್ನು ನಿಷೇಧಿಸಬಹುದು ಅಥವಾ ನಿರ್ಬಂಧಿಸಬಹುದು. ಅದನ್ನು ರಾಜ್ಯಪತ್ರದಲ್ಲಿ ಪ್ರಕಟಿಸಬೇಕು. ನಿರ್ಬಂಧವು ಒಂದು ತಿಂಗಳನ್ನು ಮೀರದಿದ್ದರೆ ರಾಜ್ಯಪತ್ರವೂ ಬೇಕಿಲ್ಲ, ಸ್ಥಳೀಯವಾಗಿ ಪ್ರಚಾರ ಮಾಡಿದರೆ ಸಾಕು. ಗಮನಿಸಿರಿ: ತಿಳಿಸಬೇಕು ಎಂದು ಆ ಕಲಮು ಹೇಳುತ್ತದೆ, ಕೇಳಬೇಕು ಎಂದು ಹೇಳುವುದಿಲ್ಲ. ಇದಕ್ಕೆ ಹೋಲಿಸಿದರೆ, ದೊಡ್ಡ ಕೈಗಾರಿಕೆ ಮತ್ತು ಯೋಜನೆಗಳಿಗೆ ಸಂಬಂಧಿಸಿ 2006ರಲ್ಲಿ ಹೊರಟ ಪರಿಸರ ಪರಿಣಾಮ ಅಧಿಸೂಚನೆಯು ಸಾರ್ವಜನಿಕ ಅಹವಾಲು ಸಭೆಗೆ ಕನಿಷ್ಠ 30 ದಿನಗಳ ಮುನ್ಸೂಚನೆ, ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಪ್ರಕಟಣೆ, ಜಿಲ್ಲಾಧಿಕಾರಿಯವರ ಅಥವಾ ಅವರ ಪ್ರತಿನಿಧಿಯ ಅಧ್ಯಕ್ಷತೆ, ನಡಾವಳಿಯ ವಿಡಿಯೋ ಚಿತ್ರೀಕರಣ ಇವೆಲ್ಲವನ್ನೂ ವಿಧಿಸಿತು. ಕಾರ್ಖಾನೆಯ ಹೊಗೆಗೆ ಅಹವಾಲು ಸಭೆ ಉಂಟು. ಬೀದಿಯ ಹೊಗೆಗೆ ಫಲಕವೊಂದೇ ಉತ್ತರ!

ಇನ್ನೊಂದು ವಿಚಿತ್ರವನ್ನೂ ನೋಡಿರಿ. ಹಳ್ಳಿಯವನಿಗೆ ಗ್ರಾಮಸಭೆಯಿದೆ, ವಾರ್ಡುಸಭೆಯಿದೆ. 1993ರ ಪಂಚಾಯತ್ ರಾಜ್ ಅಧಿನಿಯಮ ಅವನಿಗೆ ಎದ್ದುನಿಂತು ಕೇಳುವ ಜಾಗವನ್ನು ಕೊಟ್ಟಿದೆ. ಮಹಾನಗರದವನಿಗೆ ವಾರ್ಡು ಸಮಿತಿಯ ಭರವಸೆಯನ್ನು ಸಂವಿಧಾನದ 74ನೇ ತಿದ್ದುಪಡಿ ನೀಡಿತು. ಆದರೆ ಅದು ಕಡ್ಡಾಯವಾದುದು ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯುಳ್ಳ ನಗರಗಳಿಗೆ ಮಾತ್ರ. ನಮ್ಮ ಬಂಟ್ವಾಳ, ಮೂಡುಬಿದಿರೆ, ಬೆಳ್ತಂಗಡಿಗಳು ಆ ಸಂಖ್ಯೆಯ ಹತ್ತಿರವೂ ಸುಳಿಯುವುದಿಲ್ಲ. ಹೀಗೆ ಸಣ್ಣ ಪೇಟೆಯ ನಾಗರಿಕನು ಹಳ್ಳಿಗೂ ಸಲ್ಲದೆ ನಗರಕ್ಕೂ ಸಲ್ಲದೆ ನಡುವೆ ನಿಂತಿದ್ದಾನೆ. ಅವನ ಬೀದಿಯನ್ನು ಮುಚ್ಚುವುದು ಸುಲಭ; ಅವನು ಎಲ್ಲಿ ನಿಂತು ಮಾತನಾಡಬೇಕೆಂಬುದೇ ಪ್ರಶ್ನೆ.

ಆಪತ್ಕಾಲದ ಮಾತು ಬೇರೆ ಎಂಬುದನ್ನು ಒಪ್ಪುತ್ತೇನೆ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿಯಲ್ಲಿ ಗುಡ್ಡಗಳು ಕುಸಿದಾಗ ಸಂಚಾರವನ್ನು ತಡೆದರು. ಗುಡ್ಡ ಕುಸಿಯುತ್ತಿರುವಾಗ ಸಭೆ ಕರೆದು ಅಭಿಪ್ರಾಯ ಕೇಳಬೇಕೆಂದು ಯಾರೂ ಹೇಳಲಾರರು. ಆದರೆ ಭಾರೀ ವಾಹನಗಳ ಮೇಲಿನ ನಿರ್ಬಂಧವು ಅನಂತರವೂ ದೀರ್ಘಕಾಲ ಮುಂದುವರಿಯಿತು. ಅಪಾಯದ ದಿನ ಕೇಳದೆ ಹೊರಡಿಸಿದ ಆದೇಶವನ್ನು ಮತ್ತೆ ಮತ್ತೆ ಮುಂದುವರಿಸುವಾಗಲಾದರೂ ಆ ದಾರಿಯನ್ನು ನಂಬಿ ಬದುಕುವವರನ್ನು ಕೂರಿಸಿ ಕೇಳಬೇಕು. ಇನ್ನು ಹೊಗೆಯ ಕಾರಣಕ್ಕಾಗಿ ಬೀದಿಯನ್ನು ನಿರ್ಬಂಧಿಸುವುದು ರಾತ್ರೋರಾತ್ರಿ ಬಂದ ಆಪತ್ತಲ್ಲ. ಅದನ್ನು ತಿಂಗಳುಗಟ್ಟಲೆ ಯೋಚಿಸಿಯೇ ಮಾಡುತ್ತಾರೆ. ಯೋಚಿಸಲು ಸಮಯವಿದ್ದವರಿಗೆ ಕೇಳಲು ಸಮಯವಿಲ್ಲವೆಂದರೆ ಅದು ನೆಪ ಮಾತ್ರ.

ನಮ್ಮ ಧರ್ಮಸಭೆಯ ಪರಂಪರೆ ಈ ವಿಷಯದಲ್ಲಿ ಬಹಳ ಸ್ಪಷ್ಟವಾಗಿದೆ. ಎಲ್ಲರಿಗೂ ಸಂಬಂಧಿಸಿದ ವಿಷಯಕ್ಕೆ ಎಲ್ಲರ ಸಮ್ಮತಿ ಬೇಕೆಂಬ ಹಳೆಯ ಸೂತ್ರವನ್ನು ಜಗದ್ಗುರು ಎಂಟನೇ ಬೋನಿಫಾಸರು 1298ರಲ್ಲಿ ಹೊರಡಿಸಿದ ಕಾನೂನು ಸಂಗ್ರಹದಲ್ಲಿ ಸೇರಿಸಿದರು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 119ನೇ ವಿಧಿಯಲ್ಲಿ ಅದರ ನೆರಳು ಇಂದಿಗೂ ಇದೆ. ಅದೇ ಸಂಹಿತೆಯ 50ನೇ ವಿಧಿಯು, ಅಧಿಕಾರದಲ್ಲಿರುವವರು ಒಂದು ವಿಶೇಷ ಆದೇಶವನ್ನು ಹೊರಡಿಸುವ ಮೊದಲು ಅಗತ್ಯ ಮಾಹಿತಿಯನ್ನು ಸಂಗ್ರಹಿಸಬೇಕು, ಯಾರ ಹಕ್ಕಿಗೆ ಧಕ್ಕೆಯಾಗಬಹುದೋ ಅವರ ಮಾತನ್ನು ಸಾಧ್ಯವಾದ ಮಟ್ಟಿಗೆ ಕೇಳಬೇಕು ಎನ್ನುತ್ತದೆ. 'ಮೊದಲು' ಎಂಬ ಪದವನ್ನು ಮರೆಯಬೇಡಿರಿ. ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ 'ಲೌದಾತೋ ಸಿ' ವಿಶ್ವಪತ್ರವು ನಗರದ ವಾಹನ ದಟ್ಟಣೆಯನ್ನೂ ಅದರ ಹೊಗೆಯನ್ನೂ ಟೀಕಿಸುತ್ತದೆ. ಅದೇ ಪತ್ರವು ಪರಿಸರದ ತೀರ್ಮಾನಗಳ ಚರ್ಚೆಯಲ್ಲಿ ಸ್ಥಳೀಯ ಜನರಿಗೆ ವಿಶೇಷ ಸ್ಥಾನವಿರಬೇಕೆಂದೂ ಬೋಧಿಸುತ್ತದೆ. ಹೊಗೆಯನ್ನು ನಿಲ್ಲಿಸುವುದು ಮತ್ತು ಜನರನ್ನು ಕೇಳುವುದು ಎರಡೂ ಒಂದೇ ಬೋಧನೆಯ ಭಾಗಗಳು. ಒಂದನ್ನು ಹಿಡಿದು ಇನ್ನೊಂದನ್ನು ಬಿಡುವ ಹಾಗಿಲ್ಲ.

"ಎಲ್ಲರನ್ನೂ ಕೇಳುತ್ತಾ ಕುಳಿತರೆ ಯಾವ ಕೆಲಸವೂ ಆಗುವುದಿಲ್ಲ" ಎಂಬ ವಾದವನ್ನು ನಾವು ಆಗಾಗ ಕೇಳುತ್ತೇವೆ. ಪ್ರೇಷಿತರ ಕಾರ್ಯಕಲಾಪಗಳ 6ನೇ ಅಧ್ಯಾಯವನ್ನು ತೆರೆದು ನೋಡಿರಿ. ದಿನನಿತ್ಯದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂದು ಗ್ರೀಕ್ ಭಾಷಿಕರು ಗೊಣಗಿದರು. ಪ್ರೇಷಿತರು ಆ ಗೊಣಗಾಟವನ್ನು ಅವಿಧೇಯತೆ ಎನ್ನಲಿಲ್ಲ. ಶಿಷ್ಯರೆಲ್ಲರನ್ನು ಒಟ್ಟುಗೂಡಿಸಿದರು, ಏಳು ಮಂದಿಯನ್ನು ಆರಿಸುವ ಹೊಣೆಯನ್ನು ಅವರಿಗೇ ಒಪ್ಪಿಸಿದರು. ಕೆಲಸ ನಿಲ್ಲಲಿಲ್ಲ, ಮೊದಲಿಗಿಂತ ಚೆನ್ನಾಗಿ ನಡೆಯಿತು. ಕೇಳುವುದೆಂದರೆ ಪ್ರತಿಯೊಬ್ಬನಿಗೂ ತಡೆಯೊಡ್ಡುವ ಅಧಿಕಾರ ಕೊಡುವುದಲ್ಲ. ಧರ್ಮಸಭೆಯ ಕಾನೂನು ಸಹ ಸಲಹೆಗೂ ಸಮ್ಮತಿಗೂ ವ್ಯತ್ಯಾಸ ಮಾಡುತ್ತದೆ. ತೀರ್ಮಾನ ಅಧಿಕಾರಿಯದೇ ಆಗಿರಲಿ. ಆದರೆ ಕಿವಿ ತೆರೆದಿಟ್ಟು ಮಾಡಿದ ತೀರ್ಮಾನವಾಗಿರಲಿ.

"ತಜ್ಞರಿಗೆ ತಿಳಿದಿದೆ, ಜನರಿಗೇನು ತಿಳಿಯುತ್ತದೆ?" ಎಂಬುದು ಇನ್ನೊಂದು ವಾದ. ತಜ್ಞರು ಗಾಳಿಯಲ್ಲಿ ಎಷ್ಟು ಕಣಗಳಿವೆ ಎಂದು ಅಳೆಯಬಲ್ಲರು. ಅವರ ವಿದ್ಯೆಗೆ ನಮಸ್ಕಾರ. ಆದರೆ ಬೀಡಿಯ ಬುಟ್ಟಿ ಹೊತ್ತ ತಾಯಿ ಯಾವ ನಿಲ್ದಾಣದಲ್ಲಿ ಇಳಿಯುತ್ತಾಳೆ, ಮಳೆಗಾಲದಲ್ಲಿ ಬೀಡಿ ನೆನೆಯದಂತೆ ಎಷ್ಟು ದೂರ ನಡೆಯಬಲ್ಲಳು ಎಂಬುದನ್ನು ಯಾವ ಯಂತ್ರವೂ ಹೇಳಲಾರದು. ಆ ವಿಷಯದ ತಜ್ಞೆ ಅವಳೇ.

ಹಾಗಾದರೆ ನಿಜವಾಗಿ ಕೇಳುವುದೆಂದರೆ ಹೇಗೆ? ಮೊದಲನೆಯದಾಗಿ, ನಕ್ಷೆ ಮುದ್ರಣವಾಗುವ ಮುನ್ನ ಕೇಳಬೇಕು. ಗುತ್ತಿಗೆ ಕೊಟ್ಟು, ಕಂಬ ನೆಟ್ಟು, ಅನಂತರ ಸಭೆ ಕರೆಯುವುದು ಕೇವಲ ಶಾಸ್ತ್ರ ತೀರಿಸುವ ಕೆಲಸ. ಎರಡನೆಯದಾಗಿ, ಜನರಿರುವಲ್ಲಿಗೆ ಬಂದು, ಜನರ ಭಾಷೆಯಲ್ಲಿ ಕೇಳಬೇಕು. ಕೆಲಸದ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಕಚೇರಿಯ ಸಭಾಂಗಣದಲ್ಲಿ ಸಭೆ ಕರೆದರೆ ದಿನಗೂಲಿಯವನು ಬರುವುದಿಲ್ಲ. ಸಂತೆಯ ದಿನ ಸಂತೆಯಲ್ಲೇ ಕೇಳಿರಿ. ಬಸ್ ನಿಲ್ದಾಣದಲ್ಲಿ ಕೇಳಿರಿ. ತುಳು, ಕೊಂಕಣಿ, ಬ್ಯಾರಿ, ಮಲಯಾಳ ಮಾತನಾಡುವವನಿಗೆ ತನ್ನ ಕಷ್ಟವನ್ನು ತನ್ನ ಮಾತಿನಲ್ಲೇ ಹೇಳಲು ಬಿಡಿರಿ.

ಮೂರನೆಯದಾಗಿ, ಬಾರದವರನ್ನು ಹುಡುಕಿಕೊಂಡು ಹೋಗಬೇಕು. ಇದಕ್ಕೆ ಈಗಾಗಲೇ ಒಂದು ಕಾನೂನಿನ ಸಾಧನವಿದೆ. 2014ರ ಬೀದಿಬದಿ ವ್ಯಾಪಾರಿಗಳ ಅಧಿನಿಯಮದಂತೆ ರಚನೆಯಾಗುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳು ವ್ಯಾಪಾರಿಗಳೇ ಆರಿಸಿದ ಪ್ರತಿನಿಧಿಗಳಿಗೆ ಸಲ್ಲಬೇಕು. ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ಆ ಸಮಿತಿಯ ಮುಂದೆ ಇಡದೆ ಯಾವ ಪೇಟೆಯ ಬೀದಿಯನ್ನೂ ಮುಚ್ಚಬಾರದು. ನಾಲ್ಕನೆಯದಾಗಿ, ಕೇಳಿದವರು ಉತ್ತರ ಹೇಳಬೇಕು. ಯಾವ ಸಲಹೆಯನ್ನು ಒಪ್ಪಿದೆವು, ಯಾವುದನ್ನು ಬಿಟ್ಟೆವು, ಏಕೆ ಬಿಟ್ಟೆವು ಎಂಬುದನ್ನು ಬರೆದು ಪುರಸಭೆಯ, ಪಟ್ಟಣ ಪಂಚಾಯತಿನ ಬಾಗಿಲಲ್ಲಿ ಅಂಟಿಸಬೇಕು. ಉತ್ತರವಿಲ್ಲದ ಅಹವಾಲು ಬಾವಿಗೆ ಬಿದ್ದ ಕಲ್ಲಿನಂತೆ.

ಕೊನೆಯದಾಗಿ, ಮೊದಲು ಅವಧಿ ಗೊತ್ತುಮಾಡಿ ಪರೀಕ್ಷಿಸಬೇಕು. ಲಂಡನ್ ನಗರದ ಬೀಚ್ ಸ್ಟ್ರೀಟ್ ಎಂಬ ಬೀದಿಯಲ್ಲಿ 2020ರ ಮಾರ್ಚ್‌ನಲ್ಲಿ ಹೊಗೆಯುಗುಳುವ ವಾಹನಗಳಿಗೆ ನಿರ್ಬಂಧ ಹಾಕಿದರು. ಅದು ಪ್ರಾಯೋಗಿಕ ಆದೇಶವಾಗಿತ್ತು. ಅಲ್ಲಿಯ ಕಾನೂನಿನಂತೆ ಅಂತಹ ಆದೇಶ 18 ತಿಂಗಳನ್ನು ಮೀರುವಂತಿಲ್ಲ. ಆಕ್ಷೇಪ ಸಲ್ಲಿಸಲು ಜನರಿಗೆ ಆರು ತಿಂಗಳ ಅವಕಾಶವಿರುತ್ತದೆ. 2021ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿದಾಗ ಪ್ರಯೋಗವೂ ಮುಗಿಯಿತು. ನಿರ್ಬಂಧಕ್ಕೆ ಕೊನೆಯ ದಿನಾಂಕವಿದ್ದಾಗ ಅಧಿಕಾರಿಗೂ ಕಲಿಯುವ ಮನಸ್ಸು ಬರುತ್ತದೆ, ಜನರಿಗೂ ತಾಳ್ಮೆ ಬರುತ್ತದೆ.

ಇಷ್ಟನ್ನೂ ಅಧಿಕಾರಿಗಳಿಗೆ ಹೇಳಿ ಲೇಖನಿ ಕೆಳಗಿಟ್ಟರೆ ನಿಮಗೆಲ್ಲ ಸಂತೋಷವಾದೀತು. ಆದರೆ ಇನ್ನೊಂದು ಕಹಿ ಮಾತನ್ನು ಹೇಳದೆ ಬಿಡಲಾರೆ. ನಾಳೆ ನಿಮ್ಮ ಊರಿನಲ್ಲಿ ಅಂತಹ ಸಭೆ ನಡೆದೇ ನಡೆಯಿತು ಎಂದಿಟ್ಟುಕೊಳ್ಳೋಣ. ಅಲ್ಲಿ ಎಲ್ಲರಿಗಿಂತ ಮೊದಲು ಎದ್ದುನಿಂತು, ಎಲ್ಲರಿಗಿಂತ ಜೋರಾಗಿ ಮಾತನಾಡುವವರು ಯಾರು? ಕಾರುಳ್ಳವರು. ಅವರು ಕೇಳುವುದೇನು? ಕಾರು ನಿಲ್ಲಿಸುವ ಜಾಗ. ಭಾನುವಾರ ಬಲಿಪೂಜೆಯ ಹೊತ್ತಿಗೆ ನಮ್ಮ ಧರ್ಮಕೇಂದ್ರಗಳ ಅಂಗಳವನ್ನೂ ಮುಂದಿನ ರಸ್ತೆಯನ್ನೂ ತುಂಬುವ ಕಾರುಗಳನ್ನು ನೋಡಿದರೆ ನಮ್ಮಲ್ಲಿ ಅನೇಕರು ಯಾವ ಪಕ್ಷದವರು ಎಂಬುದು ತಿಳಿಯುತ್ತದೆ. ನಡೆದು ಬರುವ ಅಜ್ಜಿ ಅದೇ ಕಾರುಗಳ ಸಂದಿನಲ್ಲಿ ದಾರಿ ಹುಡುಕುತ್ತಾ ಬಾಗಿಲು ತಲುಪುತ್ತಾರೆ. ಸಾರ್ವಜನಿಕ ಅಭಿಪ್ರಾಯವೆಂದರೆ ವಾಹನವುಳ್ಳವರ ಅಭಿಪ್ರಾಯವೆಂದು ತಿಳಿಯುವುದಾದರೆ, ಜೆರಿಕೋದ ದಾರಿಯಲ್ಲಿ ಬಾರ್ತಿಮಾಯನ ಬಾಯಿ ಮುಚ್ಚಿಸಲು ನೋಡಿದ ಗುಂಪಿಗೂ ನಮಗೂ ಏನು ವ್ಯತ್ಯಾಸ? ಕೇಳದ ಅಧಿಕಾರಿ ಒಂದು ಬಗೆಯ ಅನ್ಯಾಯ ಮಾಡುತ್ತಾನೆ. ಇನ್ನೊಬ್ಬನ ಮಾತು ಕೇಳಿಸದಂತೆ ಕೂಗುವ ನಾಗರಿಕ ಇನ್ನೊಂದು ಬಗೆಯ ಅನ್ಯಾಯ ಮಾಡುತ್ತಾನೆ.

ಆದ್ದರಿಂದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಧರ್ಮಕೇಂದ್ರಗಳ ಕುಟುಂಬಗಳಲ್ಲಿ ನನ್ನ ವಿನಂತಿ ಇದು. 2021ರಿಂದ 2024ರವರೆಗೆ ನಡೆದ ಸಿನೋಡಿನ ಕಾಲದಲ್ಲಿ ಜಗತ್ತಿನಾದ್ಯಂತ ಧರ್ಮಕೇಂದ್ರಗಳಲ್ಲಿ ಜನರು ಕುಳಿತು ಒಬ್ಬರ ಮಾತನ್ನು ಇನ್ನೊಬ್ಬರು ಕೇಳುವ ಅಭ್ಯಾಸ ಮಾಡಿದರು. ಆ ಅಭ್ಯಾಸ ದೇವಾಲಯದ ಹೊಸ್ತಿಲಲ್ಲೇ ನಿಂತುಬಿಡಬಾರದು. ಪ್ರತಿ ವಾಳೆಯ ಗುರಿಕಾರರು ತಮ್ಮ ವಾಳೆಯಲ್ಲಿ ವಾಹನವಿಲ್ಲದವರು ಯಾರು, ಪೇಟೆಯ ಬೀದಿಯಲ್ಲಿ ದುಡಿಯುವವರು ಯಾರು ಎಂದು ವಿಚಾರಿಸಲಿ. ಅವರಿಗೆ ಬೇಕಾದುದೇನು, ಬೇಡವಾದುದೇನು ಎಂಬುದು ಪಾಲನಾ ಮಂಡಳಿಯ ಸಭೆಯಲ್ಲಿ ದಾಖಲಾಗಲಿ. ಸಂಚಾರ ನಿರ್ಬಂಧದ ಪ್ರಸ್ತಾವ ಬಂದ ದಿನ, ಹೊಗೆಯನ್ನು ತಗ್ಗಿಸುವ ಉದ್ದೇಶಕ್ಕೆ ನಾವು ಬೆಂಬಲ ನೀಡೋಣ. ಅದರೊಂದಿಗೇ, ಕೇಳದೆ ಮಾಡಿದ ಆದೇಶವನ್ನು ಪ್ರಶ್ನಿಸೋಣ. ಸಭೆಗೆ ಹೋಗುವಾಗ ಬಸ್ಸಿನಲ್ಲಿ ಬರುವ ನೆರೆಮನೆಯವರನ್ನು ಜೊತೆಗೆ ಕರೆದುಕೊಂಡು ಹೋಗಿರಿ. ನಿಮ್ಮ ಸರದಿ ಬಂದಾಗ ಮೊದಲು ಅವರನ್ನು ಮಾತನಾಡಲು ಬಿಡಿರಿ.